ವಿಷವಿಲ್ಲದ ಹಾವಿನ ಚರಿತ್ರೆ

ಮಳವಳ್ಳಿ ತಾಲೂಕಿನಲ್ಲಿ ಬ್ಲಫ್ ಎಂಬ ಊರಿದೆ ಎಂದರೆ ಹೊರಗಿನವರು ನಗುತ್ತಾರೆ. ಆ ಇಂಗ್ಲಿಷ್ ಪದಕ್ಕೆ ಹುಸಿ ಬೆದರಿಕೆ ಎಂಬ ಅರ್ಥ ಒಂದು, ಕಡಿದಾದ ದಂಡೆ ಎಂಬ ಅರ್ಥ ಇನ್ನೊಂದು. ಊರಿಗೆ ಒಪ್ಪುವುದು ಎರಡನೆಯದು. ಶಿವನಸಮುದ್ರದಲ್ಲಿ ಕಾವೇರಿ ಕಣಿವೆಗೆ ಧುಮುಕುವ ಜಾಗದ ಮೇಲಂಚಿನಲ್ಲಿ, ವಿದ್ಯುದಾಗಾರದ ಜೊತೆಗೆ ಬೆಳೆದ ಕಾಲೊನಿ ಅದು. ನನ್ನ ಸಂಶೋಧನೆ ಈ ಸೀಮೆಯ ಕಾಲುವೆ ನೀರಾವರಿಯ ಬಗ್ಗೆ. ಹೋದ ವರ್ಷ ಸುಗ್ಗಿಯ ಹೊತ್ತಿನಲ್ಲಿ ಅಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಹಿರಿಯರನ್ನು ಮಾತನಾಡಿಸುತ್ತಿದ್ದಾಗ ಹುಲ್ಲಿನ ಮೆದೆಯ ಕಡೆಯಿಂದ ಗದ್ದಲ ಕೇಳಿಸಿತು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆರಡಿ ಉದ್ದದ, ಕಂದು ಮೈಯ, ದೊಡ್ಡ ಕಣ್ಣಿನ ಹಾವೊಂದು ತಲೆ ಜಜ್ಜಿಹೋಗಿ ಬಿದ್ದಿತ್ತು. ಹೊಟ್ಟೆಯ ನಡುವೆ ಒಂದು ಉಬ್ಬು. ಸಾಯುವುದಕ್ಕೆ ಸ್ವಲ್ಪ ಮುಂಚೆ ಅದು ಇಲಿ ನುಂಗಿತ್ತು.

“ಇದು ಕೇರೆ ಅಲ್ವಾ ಅಣ್ಣ?” ಎಂದು ದೊಣ್ಣೆ ಹಿಡಿದವರನ್ನು ಕೇಳಿದೆ.

“ಕೇರೆ ಅಂತ ಈಗ ಗೊತ್ತಾಯ್ತದೆ ಕಣವ್ವ, ಬೆಳಕಲ್ಲಿ. ಕತ್ಲಲ್ಲಿ ಹೆಸ್ರು ಕೇಳ್ಕಂಡು ನಿಂತ್ಕಳಕ್ಕಾಯ್ತದಾ?” ಎಂದರು ಅವರು. ಆಮೇಲೆ ತಿಳಿಯಿತು: ಅವರ ತಮ್ಮ ಕೆಲವು ವರ್ಷಗಳ ಹಿಂದೆ, ಪಂಪಿಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ವಾರ, ಗದ್ದೆಗೆ ನೀರು ತಿರುಗಿಸಲು ಹೋಗಿ ಕೊಳಕುಮಂಡಲ ಕಡಿದು ಸತ್ತಿದ್ದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಚರಿತ್ರೆ ಓದುವವಳಾಗಿ ಇನ್ನೊಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಈ ಸೀಮೆಯ ನೀರು, ಭತ್ತ, ಕಬ್ಬು, ಸಕ್ಕರೆ ಎಲ್ಲಕ್ಕೂ ಕಡತಗಳಿವೆ. ಆ ಭತ್ತ, ಕಬ್ಬಿನ ಇಲಿಗಳನ್ನು ತಿಂದು ಬದುಕಿದ ಕೇರೆಗೆ ಕಡತ ಎಲ್ಲಿದೆ?

ಹಾವಿನ ಬಗ್ಗೆ ನಮ್ಮಲ್ಲಿ ಬರೆದದ್ದು ಕಡಿಮೆಯೇನಲ್ಲ. ಆದರೆ ಅದರಲ್ಲಿ ಬಹುಪಾಲು ವಿಷದ ಬಗ್ಗೆ ಬರೆದದ್ದು. 14ನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಕನ್ನಡದ ಬಹು ದೊಡ್ಡ ವಿಷವೈದ್ಯ ಗ್ರಂಥ. ಅದರ ಹೆಸರಿನಲ್ಲೇ ಹಾವಿನ ವೈರಿ ಗರುಡನಿದ್ದಾನೆ. ವೈದ್ಯನಿಗೆ ಮುಖ್ಯವಾದದ್ದು ಕಡಿದರೆ ಕೊಲ್ಲುವ ಹಾವು. ಕಡಿದರೂ ಏನೂ ಆಗದ ಹಾವು ಅವನ ಬಳಿಗೆ ರೋಗಿಯನ್ನೇ ಕಳಿಸುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ವಿಶಾಖಪಟ್ಟಣದಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಕೋರಮಂಡಲ ತೀರದ ಹಾವುಗಳ ಸಚಿತ್ರ ಗ್ರಂಥವನ್ನು ಪ್ರಕಟಿಸಿದ. ವಿಷದ ಹಾವನ್ನು ವಿಷವಿಲ್ಲದ ಹಾವಿನಿಂದ ಜನ ಬೇರೆ ಮಾಡಿ ನೋಡುವಂತಾಗಲಿ ಎಂಬುದು ಅವನ ಆಸೆಗಳಲ್ಲಿ ಒಂದು. ಆದರೆ ಅವನ ಹೆಸರು ಇಂದು ಉಳಿದಿರುವುದು ‘ರಸೆಲ್ಸ್ ವೈಪರ್’ ಮೇಲೆ, ಅಂದರೆ ನಮ್ಮ ಕೊಳಕುಮಂಡಲದ ಮೇಲೆ. 1872ರಲ್ಲಿ ಕಲ್ಕತ್ತದ ವೈದ್ಯ ಜೋಸೆಫ್ ಫೇಯ್ರರ್ ಹೊರತಂದ ಭಾರೀ ಪುಸ್ತಕದ ಹೆಸರೇ ‘ಥ್ಯಾನಟೊಫಿಡಿಯಾ’, ಸಾವು ತರುವ ಹಾವುಗಳು. ಬ್ರಿಟಿಷ್ ಇಂಡಿಯಾದ ಸರ್ಕಾರಗಳು ಹಾವು ಕಡಿದು ಸತ್ತವರ ಲೆಕ್ಕವನ್ನು ವರ್ಷವರ್ಷವೂ ಇಟ್ಟವು. ವಿಷದ ಹಾವು ಕೊಂದು ತಂದವರಿಗೆ ಇನಾಮು ಕೊಟ್ಟವು. ತಂದ ಹಾವು ವಿಷದ್ದೋ ಅಲ್ಲವೋ ಎಂದು ಗುರುತಿಸುವುದು ಅಧಿಕಾರಿಗಳಿಗೆ ಸುಲಭವಾಗಿರಲಿಲ್ಲ. ಆ ಇನಾಮಿನ ಲೆಕ್ಕದಲ್ಲಿ ಎಷ್ಟು ಕೇರೆಗಳು ನಾಗರವೆಂದು ಎಣಿಕೆಯಾದವೋ!

ಈಗಲೂ ದಾಖಲೆ ಇರುವುದು ವಿಷಕ್ಕೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಇವೆಲ್ಲ ಬೇಕಾದ ಕೆಲಸಗಳೇ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೊಲಗದ್ದೆಯಲ್ಲಿ ದುಡಿಯುವವರು. ನಾನು ಹೇಳುತ್ತಿರುವುದು ಇಷ್ಟೇ: ಕೊಂದದ್ದಕ್ಕೆ ದಾಖಲೆ ಹುಟ್ಟುತ್ತದೆ, ಕೊಲ್ಲದೇ ಇದ್ದದ್ದಕ್ಕೆ ಹುಟ್ಟುವುದಿಲ್ಲ. ಕೇರೆಯ ಚರಿತ್ರೆ ಕಾಣದೆ ಹೋದದ್ದು ಹೀಗೆ.

ಕಡತ ಇಲ್ಲದಿದ್ದರೂ ಅದಕ್ಕೆ ಹೆಸರಿದೆ, ಮತ್ತು ಆ ಹೆಸರು ಹಳೆಯದು. ನಾವು ಕೇರೆ ಎನ್ನುವುದನ್ನು ಮಲಯಾಳಿಗಳು ಚೇರ ಎನ್ನುತ್ತಾರೆ, ತಮಿಳರು ಸಾರೈ ಎನ್ನುತ್ತಾರೆ. ನಮ್ಮ ಕಿವಿ ಅವರಲ್ಲಿ ಚೆವಿಯಾದ, ನಮ್ಮ ಕಿರು ಅವರಲ್ಲಿ ಚಿರುವಾದ ದಾರಿಯಲ್ಲೇ ಕೇರೆ ಚೇರವಾಗಿರುವುದು. ಈ ಭಾಷೆಗಳು ಬೇರೆಯಾಗುವ ಮುಂಚೆಯೇ ನಮ್ಮ ಹಿಂದಿನವರು ಈ ಹಾವನ್ನು ಉಳಿದ ಹಾವುಗಳಿಂದ ಬೇರೆ ಮಾಡಿ ಕರೆದಿದ್ದರು ಎಂದಾಯಿತು. ವಿಜ್ಞಾನಕ್ಕೆ ಅದು ಬಂದದ್ದು 1758ರಲ್ಲಿ, ಲಿನೇಯಸ್ ಕೊಟ್ಟ ಹೆಸರಿನಿಂದ. ಇಂದಿನ ಹೆಸರು ‘ಟ್ಯಾಸ್ ಮ್ಯುಕೋಸ’. ಇದರ ಮೊದಲ ಪದ ಗ್ರೀಕಿನದು, ಉಗುಳುವುದು ಎಂದು ಅರ್ಥ. ಮನುಷ್ಯರ ಕಣ್ಣಿಗೆ ವಿಷ ಉಗುಳುತ್ತದೆಂದು ಹಳೆಯ ಗ್ರೀಕರು ನಂಬಿದ್ದ ಒಂದು ಹಾವಿನ ಹೆಸರದು. ವಿಷವೇ ಇಲ್ಲದ ನಮ್ಮ ಕೇರೆಗೆ ವಿಜ್ಞಾನಿಗಳೂ ವಿಷ ಉಗುಳುವವನ ಹೆಸರನ್ನೇ ಇಟ್ಟರು.

ಕೇರೆ ಸಾಮಾನ್ಯವಾಗಿ ಐದಾರು ಅಡಿ ಬೆಳೆಯುತ್ತದೆ, ಕೆಲವು ಎಂಟು ಅಡಿ ದಾಟುತ್ತವೆ. ಹಗಲಿನಲ್ಲಿ ಓಡಾಡುವ, ಬಹಳ ಚುರುಕಾದ ಹಾವು. ಇಲಿ, ಹೆಗ್ಗಣ, ಕಪ್ಪೆ, ಓತಿಕೇತ, ಹಕ್ಕಿಮರಿ, ಕೆಲವೊಮ್ಮೆ ಬೇರೆ ಹಾವು, ಸಿಕ್ಕಿದರೆ ಕೋಳಿಮರಿಯೂ ಅದಕ್ಕೆ ಆಹಾರ. ಹೆಬ್ಬಾವಿನಂತೆ ಸುತ್ತಿ ಹಿಸುಕುವುದಿಲ್ಲ. ಹಿಡಿದದ್ದನ್ನು ಮೈಯಿಂದ ನೆಲಕ್ಕೆ ಅದುಮಿ ನುಂಗುತ್ತದೆ. ಬೆಕ್ಕು, ಗೂಬೆಗಳು ಬಿಲದ ಹೊರಗೆ ಕಾಯಬೇಕು. ಕೇರೆ ಒಳಗೇ ಹೋಗುತ್ತದೆ, ಮರಿಗಳನ್ನೂ ತಿನ್ನುತ್ತದೆ. ಮೂಲೆಗೆ ಸಿಕ್ಕಿಕೊಂಡಾಗ ಕತ್ತು ಉಬ್ಬಿಸಿ, ಗುರ್ರೆಂದು ಸದ್ದು ಮಾಡಿ, ಮೇಲೆ ಎರಗಿದಂತೆ ನಟಿಸುತ್ತದೆ. ಅದರ ಹತ್ತಿರ ಇರುವ ಆಯುಧ ಅದೊಂದೇ, ಹುಸಿ ಬೆದರಿಕೆ. ದುರದೃಷ್ಟವೆಂದರೆ ಆ ಉಬ್ಬಿದ ಕತ್ತನ್ನು ಕಂಡವರು ಹೆಡೆ ಎಂದುಕೊಳ್ಳುತ್ತಾರೆ. ಉಳಿಯಲೆಂದು ಮಾಡುವ ನಟನೆಯೇ ಅದನ್ನು ಸಾಯಿಸುತ್ತದೆ.

ಜನರ ಮಾತಿನಲ್ಲಿ ಕೇರೆಗೆ ಸಿಕ್ಕಿದ ಪಾತ್ರಗಳೂ ಒಳ್ಳೆಯವಲ್ಲ. ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ, ಬಾಲದಲ್ಲಿ ಹೊಡೆದರೆ ಅಂಗ ಸೊರಗುತ್ತದೆ, ನಾಗರಹಾವಿಗೆ ಇದೇ ಗಂಡು ಎನ್ನುತ್ತಾರೆ. ಯಾವುದೂ ನಿಜವಲ್ಲ. ಹಾವಿನ ಬಾಯಿಗೆ ಕೆಚ್ಚಲು ಚೀಪುವ ರಚನೆಯಿಲ್ಲ; ಕೊಟ್ಟಿಗೆಗೆ ಅದು ಬರುವುದು ಹಿಂಡಿ, ಬೂಸಾ ಮುಕ್ಕುವ ಇಲಿಗಾಗಿ. ಎರಡು ಕೇರೆಗಳು ಹೆಣೆದುಕೊಂಡು ಮೇಲೆದ್ದು ಆಡುವುದನ್ನು ಜನ ಹಾವುಗಳ ಸರಸ ಎಂದು ದೂರ ನಿಂತು ನೋಡುತ್ತಾರೆ. ಸಾಮಾನ್ಯವಾಗಿ ಅದು ಎರಡು ಗಂಡುಗಳ ಬಲಪರೀಕ್ಷೆ.

ಹೀಗೆ ತನ್ನದೇ ದಾಖಲೆ ಇಲ್ಲದ ಜೀವಿಯ ಚರಿತ್ರೆಯನ್ನು ಅದು ತಿನ್ನುವ ಜೀವಿಯ ಹಿಂದೆ ಹೋಗಿ ಹುಡುಕಬಹುದು. ಇಲಿಯ ಹಿಂದೆ ಹೋದರೆ ದಾರಿ ಮತ್ತೆ ಬ್ಲಫ್‌ಗೇ ಬರುತ್ತದೆ.

ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಳವಳ್ಳಿ, ಶಿವನಸಮುದ್ರಗಳನ್ನು ಹಾದುಹೋದಾಗ ಈ ಸೀಮೆ ಹೆಚ್ಚಾಗಿ ರಾಗಿಯ ಸೀಮೆ. ಕೆರೆಯ ಹಿಂದೆ, ಹೊಳೆಯ ನಾಲೆಗಳ ಬದಿಯಲ್ಲಿ ಭತ್ತ. ಉಳಿದದ್ದು ಮಳೆ ನಂಬಿದ ಹೊಲ. ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜದ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಧಾನ್ಯ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗಾಳಿಯಾಡದ ಆ ಗುಂಡಿಯಲ್ಲಿ ಹುಳುವೂ ಬದುಕುವುದಿಲ್ಲ, ಇಲಿಯೂ ಬದುಕುವುದಿಲ್ಲ. ಹೊಲದಲ್ಲೂ ಬೆಳೆ ಇರುವುದು ವರ್ಷದ ಕೆಲವೇ ತಿಂಗಳು. ಬೇಸಿಗೆಯ ಬರಡು ನೆಲದಲ್ಲಿ ಇಲಿಯ ಸಂತಾನಕ್ಕೆ ತಾನಾಗಿಯೇ ಕಡಿವಾಣ ಬೀಳುತ್ತಿತ್ತು.

1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಕೆಲಸ ಶುರುಮಾಡಿತು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಯೋಜಿಸಿದ ಕೆಲಸವದು. ಕರೆಂಟು ಹೋದದ್ದು ಸುತ್ತಲ ಹಳ್ಳಿಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದರೆ ಗಣಿಗೆ ಕೊಡಬೇಕಾದ ಕರೆಂಟಿಗೂ ಕೊರತೆ. ವರ್ಷವಿಡೀ ಒಂದೇ ಸಮನೆ ನೀರು ಹರಿಸಲು ಮೇಲೆ ಒಂದು ಅಣೆಕಟ್ಟು ಬೇಕು ಎಂಬ ವಾದ ಕೃಷ್ಣರಾಜಸಾಗರಕ್ಕೆ ಬಲ ಕೊಟ್ಟಿತು. 1911ರಲ್ಲಿ ಶುರುವಾದ ಅಣೆಕಟ್ಟಿನ ಕೆಲಸ 1930ರ ದಶಕದ ಮೊದಲಿಗೆ ಮುಗಿಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಒಣ ನೆಲಕ್ಕೆ ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇದಿಷ್ಟು ಎಲ್ಲರೂ ಶಾಲೆಯಲ್ಲಿ ಓದಿದ ಕಥೆ.

ಅದೇ ಕಥೆಯನ್ನು ಇಲಿಯ ಕಡೆಯಿಂದ ಓದಿ ನೋಡಿ. ನೀರು ಬಂದಲ್ಲಿ ತೆವರಿಗಳು ಎದ್ದವು. ಗದ್ದೆಯ ಹೆಗ್ಗಣಕ್ಕೆ ಬಿಲ ತೋಡಲು ಮೆತ್ತನೆಯ ತೆವರಿಗಿಂತ ಒಳ್ಳೆಯ ಜಾಗವಿಲ್ಲ. ಅದು ತೆನೆ ಕತ್ತರಿಸಿ ತಿನ್ನುವುದಷ್ಟೇ ಅಲ್ಲ, ಬಿಲದೊಳಗೆ ಕೂಡಿಡುತ್ತದೆ. ಕಟಾವಾದ ಮೇಲೆ ಬಿಲ ಅಗೆದು ಆ ಭತ್ತವನ್ನು ಆರಿಸಿ ಒಯ್ಯುವ ಬಡವರು ನಮ್ಮಲ್ಲೂ ಇದ್ದರು. ಬಿಲ ಬಿದ್ದ ತೆವರಿಯಿಂದ ನೀರು ಸೋರಿ ಕೆಳಗಿನ ಗದ್ದೆಗೆ ಹೋಗುತ್ತದೆ, ಅದರಿಂದ ಜಗಳ. ಕಬ್ಬು ಇನ್ನೂ ಅನುಕೂಲ. ಭತ್ತ ನಾಲ್ಕೈದು ತಿಂಗಳಲ್ಲಿ ಕಟಾವಾಗುತ್ತದೆ, ಕಬ್ಬು ವರ್ಷವಿಡೀ ನಿಂತಿರುತ್ತದೆ. ನೆರಳಿದೆ, ತರಗಿನ ಹಾಸಿಗೆಯಿದೆ, ಕಡಿಯಲು ಸಿಹಿ ಬುಡವಿದೆ. ಗದ್ದೆ ಬರಿದಾದಾಗ ಇಲಿ ಕಬ್ಬಿಗೆ ಸರಿಯುತ್ತದೆ, ಭತ್ತ ತೆನೆಗೆ ಬಂದಾಗ ಮರಳುತ್ತದೆ. ಮನೆಯೊಳಗೂ ಬದಲಾವಣೆ ಬಂತು. ನೀರು ಹರಿದ ಊರಿನಲ್ಲಿ ನೆಲ ಜವುಗಾಗಿ ಹಗೇವು ಉಪಯೋಗಕ್ಕೆ ಬಾರದು. ಭತ್ತ ವಾಡೆಗೆ, ಕಣಜಕ್ಕೆ, ಮೂಟೆಗೆ ಬಂತು. ಹೆಣ್ಣು ಹೆಗ್ಗಣದ ಬಸಿರು ಮೂರು ವಾರ ಚಿಲ್ಲರೆ. ಒಂದು ಸೂಲಿಗೆ ಆರೇಳು ಮರಿ ಸಾಧಾರಣ. ಊಟ ವರ್ಷವಿಡೀ ಸಿಕ್ಕರೆ ಸಂತಾನವೂ ವರ್ಷವಿಡೀ.

ಇಲಿ ದಾಖಲೆಗೆ ಬಂದದ್ದು ಕೂಡ ಸಾವಿನ ಮೂಲಕವೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಆಮೇಲೆ ಮೈಸೂರು ಸಂಸ್ಥಾನದ ಊರುಗಳಿಗೆ ಹಬ್ಬಿತು. ‘ಇಲಿ ಬಿತ್ತು’ ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಎಂಬುದು ನಮ್ಮ ಮುತ್ತಜ್ಜಿಯರ ಕಾಲದ ಅನುಭವ. ಪ್ಲೇಗಿಗೆ ಗುಡಿ ಕಟ್ಟಿದರು, ದೇವಿಯಾಗಿ ಪೂಜಿಸಿದರು. ಅದು ಮನೆಯ ಇಲಿ, ಗದ್ದೆಯ ಹೆಗ್ಗಣವಲ್ಲ. ಆದರೂ ಆ ಕಾಲದಲ್ಲಿ ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ಕೇರೆಯೊಂದು ಸುಳಿದಾಡುತ್ತಿದ್ದ ಮನೆಗೆ ಅದರಿಂದ ಏನಾದರೂ ಉಪಕಾರವಾಯಿತೆ ಎಂದು ಯಾರೂ ಕೇಳಿ ಬರೆದಿಡಲಿಲ್ಲ.

ಇಲಿ ಹೆಚ್ಚಿದಲ್ಲಿ ಹಾವೂ ಬರುತ್ತದೆ. ಕೇರೆಯೊಂದೇ ಅಲ್ಲ, ನಾಗರವೂ ಕೊಳಕುಮಂಡಲವೂ ಅದೇ ಊಟಕ್ಕೆ ಬರುತ್ತವೆ. ಕಾಲುವೆಯ ಸೀಮೆ ಅನ್ನ ಕೊಟ್ಟ ಹಾಗೆಯೇ ಈ ನೆರೆಹೊರೆಯನ್ನೂ ಕೊಟ್ಟಿತು. ಕೇರೆಯೊಂದೇ ಇಲಿಯನ್ನು ಹತೋಟಿಗೆ ತರುತ್ತದೆ ಎಂದರೆ ಉತ್ಪ್ರೇಕ್ಷೆ. ಗೂಬೆ, ಮುಂಗುಸಿ, ಕಾಡುಬೆಕ್ಕು, ನರಿ ಎಲ್ಲ ಸೇರಿ ಮಾಡುವ ಕೆಲಸವದು. ಆದರೆ ಬಿಲದ ಒಳಕ್ಕೆ ಹೋಗಿ, ಮನುಷ್ಯನಿಗೆ ವಿಷದ ಅಪಾಯ ತರದೆ ಆ ಕೆಲಸ ಮಾಡುವವರಲ್ಲಿ ಕೇರೆ ದೊಡ್ಡದು. ಇಲಿ ಕಡಿಮೆಯಾದಷ್ಟೂ ಕೊಳಕುಮಂಡಲಕ್ಕೆ ಮೆದೆಯ ಹತ್ತಿರ ಬರಲು ಕಾರಣವೂ ಕಡಿಮೆ.

ಕೇರೆ ಕೊನೆಗೂ ಲೆಕ್ಕಕ್ಕೆ ಬಂದದ್ದು ಚರ್ಮವಾಗಿ. ಉದ್ದನೆಯ, ಅಗಲವಾದ ಅದರ ಚರ್ಮ ಚೀಲ, ಬೆಲ್ಟು, ಚಪ್ಪಲಿಗಳಿಗೆ ಹೇಳಿಮಾಡಿಸಿದಂತಿತ್ತು. 20ನೆಯ ಶತಮಾನದ ಬಹುಕಾಲ ಭಾರತದಿಂದ ಲಕ್ಷಗಟ್ಟಲೆ ಹಾವಿನ ಚರ್ಮಗಳು ಹೊರದೇಶಕ್ಕೆ ಹೋದವು. ತಮಿಳುನಾಡಿನ ಇರುಳರು ಹಿಡಿದು ಕೊಡುತ್ತಿದ್ದವರಲ್ಲಿ ಮುಖ್ಯರು. ಅವರ ಕೈಗೆ ಬರುತ್ತಿದ್ದದ್ದು ಪುಡಿಗಾಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಬದುಕು ಕಳೆದುಕೊಂಡ ಇರುಳರಿಗಾಗಿ ರೋಮುಲಸ್ ವಿಟೇಕರ್ ಮತ್ತು ಸಂಗಡಿಗರ ಪ್ರಯತ್ನದಿಂದ 1978ರಲ್ಲಿ ಒಂದು ಸಹಕಾರ ಸಂಘ ಹುಟ್ಟಿತು. ಇರುಳರು ಈಗ ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬರುತ್ತಾರೆ. ಆ ವಿಷದಿಂದ ಹಾವು ಕಡಿತಕ್ಕೆ ಮದ್ದು ತಯಾರಾಗುತ್ತದೆ. ಇಲ್ಲಿಯೂ ಕೆಲಸ ಸಿಕ್ಕಿದ್ದು ವಿಷವಿದ್ದ ಹಾವಿಗೇ.

ಇಲಿ ತಿನ್ನುವ ಇನ್ನೊಂದು ವಿಷವಿಲ್ಲದ ಹಾವು, ಮಣ್ಣುಮುಕ್ಕ, ಬೇರೆ ದಾರಿಯಿಂದ ದಾಖಲೆಗೆ ಬಂದಿದೆ. ಬಾಲವೂ ತಲೆಯಂತೆ ಮೊಂಡಾಗಿರುವುದರಿಂದ ಇದನ್ನು ಇರುತಲೆ ಹಾವು ಎನ್ನುತ್ತಾರೆ. ಮನೆಯಲ್ಲಿಟ್ಟರೆ ಹಣ ಬರುತ್ತದೆಂಬ ಸುಳ್ಳನ್ನು ನಂಬಿಸಿ ಲಕ್ಷಾಂತರ ರೂಪಾಯಿಗೆ ಮಾರುವ ಜಾಲಗಳು ಕರ್ನಾಟಕದಲ್ಲಿ ಮತ್ತೆಮತ್ತೆ ಸಿಕ್ಕಿಬಿದ್ದಿವೆ. ಕೇರೆಯ ಚರಿತ್ರೆ ರಫ್ತಿನ ಪಟ್ಟಿಯಲ್ಲಿದ್ದರೆ, ಇದರ ಚರಿತ್ರೆ ಪೊಲೀಸ್ ಠಾಣೆಯಲ್ಲಿದೆ. ಎರಡರಲ್ಲೂ ಅವು ತಿಂದ ಇಲಿಯ ಲೆಕ್ಕವಿಲ್ಲ.

2022ರ ತಿದ್ದುಪಡಿ ಕೇರೆಯನ್ನು ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿ ಆನೆಗಳಿರುವ ಪಟ್ಟಿಗೆ ಸೇರಿಸಿತು. ಕೊಂದವರಿಗೆ ಕನಿಷ್ಠ ಮೂರು ವರ್ಷ ಜೈಲು ಎನ್ನುತ್ತದೆ ಕಾನೂನು. ಮೆದೆಯ ಹತ್ತಿರ ದೊಣ್ಣೆ ಹಿಡಿದು ನಿಂತವರಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಆ ಕ್ಷಣದಲ್ಲಿ ಕೈ ತಡೆಯುವುದಿಲ್ಲ. ಕೈ ತಡೆಯುವುದು ಭಕ್ತಿ, ಅದು ನಾಗರಕ್ಕೆ ಮಾತ್ರ. ನಾಗರಹಾವು ಸತ್ತರೆ ನಮ್ಮ ಕಡೆ ಸಂಸ್ಕಾರ ಮಾಡುವವರಿದ್ದಾರೆ. ಕೇರೆಯನ್ನು ಕೋಲಿನಲ್ಲಿ ಎತ್ತಿ ತಿಪ್ಪೆಗೆ ಎಸೆಯುತ್ತಾರೆ. ಇನ್ನು ಎಷ್ಟೋ ಕೇರೆಗಳು ಯಾರೂ ಕೊಲ್ಲದೆಯೇ ಸಾಯುತ್ತವೆ: ಕಬ್ಬು ಕಡಿದ ಮೇಲೆ ತರಗಿಗೆ ಇಟ್ಟ ಬೆಂಕಿಯಲ್ಲಿ, ತೋಟದ ಸುತ್ತ ಕಟ್ಟಿದ ಬಲೆಯಲ್ಲಿ, ಬಿಸಿಲು ಕಾಯಲು ಬಂದ ಡಾಂಬರು ರಸ್ತೆಯಲ್ಲಿ, ಪಾಷಾಣ ತಿಂದ ಇಲಿಯನ್ನು ನುಂಗಿ.

ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ಸರ್ಪಯಾಗದ ಕಥೆಗೆ ಮೊದಲು, ರುರು ಎಂಬವನ ಕಥೆ ಬರುತ್ತದೆ. ಅವನ ಹುಡುಗಿ ಪ್ರಮದ್ವರೆ ಹಾವು ಕಡಿದು ಸಾಯುತ್ತಾಳೆ. ರುರು ತನ್ನ ಅರ್ಧ ಆಯುಷ್ಯ ಕೊಟ್ಟು ಅವಳನ್ನು ಬದುಕಿಸಿಕೊಳ್ಳುತ್ತಾನೆ. ಆದರೂ ಸಿಟ್ಟು ಇಳಿಯದೆ ಕಂಡ ಹಾವನ್ನೆಲ್ಲ ದೊಣ್ಣೆಯಿಂದ ಬಡಿಯುತ್ತಾ ಹೋಗುತ್ತಾನೆ. ಒಂದು ದಿನ ಡುಂಡುಭವೆಂಬ ಹಾವಿನ ಮೇಲೆ ದೊಣ್ಣೆ ಎತ್ತಿದಾಗ ಅದು ಮಾತಾಡುತ್ತದೆ: ಕಚ್ಚುವ ಹಾವುಗಳು ಬೇರೆ, ತಾನು ವಿಷವಿಲ್ಲದ ಜಾತಿ, ರೂಪ ಒಂದೇ ಆದ ಮಾತ್ರಕ್ಕೆ ಕೊಲ್ಲುವುದು ಸರಿಯೆ ಎಂದು ಕೇಳುತ್ತದೆ. ಅಹಿಂಸೆಯೇ ಪರಮ ಧರ್ಮವೆಂಬ ಉಪದೇಶ ರುರುವಿಗೆ ಸಿಗುವುದು ಆ ಹಾವಿನಿಂದಲೇ. ವಿಷವಿಲ್ಲದ ಹಾವು ತನ್ನ ಅಹವಾಲು ಹೇಳಿಕೊಂಡ ಇದಕ್ಕಿಂತ ಹಳೆಯ ಕಥೆ ನನಗೆ ಸಿಕ್ಕಿಲ್ಲ.

ಆ ಕಥೆಯನ್ನು ಮೊದಲು ಓದಿದಾಗ ನಾನು ಹಾವಿನ ಪರವಾಗಿದ್ದೆ. ಆ ಹಳ್ಳಿಯಿಂದ ಬಂದ ಮೇಲೆ ರುರುವಿನ ಬಗ್ಗೆಯೂ ಯೋಚಿಸುತ್ತೇನೆ. ಅವನ ಮುಂದಿದ್ದ ಹಾವು ಮಾತಾಡಿತು. ಅವನಿಗೆ ಕೇಳಿಸಿಕೊಳ್ಳಲು ಹೊತ್ತಿತ್ತು. ಬರಿಗಾಲಲ್ಲಿ ರಾತ್ರಿ ಎರಡು ಗಂಟೆಗೆ ಗದ್ದೆಗೆ ಇಳಿಯುವವನಿಗೆ ಆ ಹೊತ್ತಿಲ್ಲ. ಬಾಲದ ಆಕಾರ, ಕಣ್ಣಿನ ಪಾಪೆ, ಹುರುಪೆಯ ಸಾಲು ನೋಡಿ ಗುರುತಿಸಿ ಎಂದು ಭಿತ್ತಿಪತ್ರ ಹಂಚಿದರೆ ಸಾಲದು. ಹಾವಿನ ಹೆಸರು ಕೇಳಬೇಕಾದರೆ ಬೆಳಕು ಬೇಕು, ಕಾಲಿಗೆ ಬೂಟು ಬೇಕು, ಪಂಪಿಗೆ ಹಗಲು ಹೊತ್ತಿನ ಕರೆಂಟು ಬೇಕು, ಕಡಿದರೆ ಹತ್ತಿರದ ಆಸ್ಪತ್ರೆಯಲ್ಲಿ ಮದ್ದು ಇರಬೇಕು. ಕೇರೆಯನ್ನು ಉಳಿಸುವ ಕೆಲಸ ಕೇರೆಯಿಂದ ಶುರುವಾಗುವುದಿಲ್ಲ, ಅದರ ಎದುರು ನಿಂತ ಮನುಷ್ಯನಿಂದ ಶುರುವಾಗುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ದೂರದ ಗಣಿಯನ್ನು ಬೆಳಗಿದ ವಿದ್ಯುದಾಗಾರದ ಪಕ್ಕದ ಗದ್ದೆಗಳಲ್ಲಿ ಇದನ್ನು ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಾಗುತ್ತದೆ.

ಸಂಜೆ ಹೊರಡುವಾಗ ಅವರು ಬಸ್ ಸ್ಟಾಪಿನವರೆಗೆ ಬಂದರು. ಕೈಯಲ್ಲಿ ಹಳೆಯ ಟಾರ್ಚು. ಆ ವಾರವೂ ಅವರಿಗೆ ರಾತ್ರಿ ಪಾಳಿ. ನಾನು ಹಾವಿನ ಮಾತು ಮತ್ತೆ ಎತ್ತಿರಲಿಲ್ಲ. ಅವರೇ ಟಾರ್ಚನ್ನು ಅಂಗೈಗೆ ಒಂದೆರಡು ಸಲ ಬಡಿದು, ಹತ್ತಿಸಿ ನೋಡಿ, ಹೇಳಿದರು:

“ಬೆಳಕಿದ್ರೆ ಬುಟ್ಬುಡ್ತೀನಿ ಕಣವ್ವ.”